ಹನ್ನೊಂದನೇ ಫೇಸ್‌ಗಾರ್ಡ್

ದ್ರಾಕ್ಷಾಯಿಣಿಗೆ ಒರೆಸಿ ಒರೆಸಿ ಸಾಕಾಗಿ ಹೋಗಿತ್ತು. ಐರಿಶ್ ಕರಾವಳಿಯ ರಿಂಗಾಸ್ಕಿಡಿಯ ಔಷಧಿ ಕಾರ್ಖಾನೆಯಲ್ಲಿ ಅವಳದು ಕ್ವಾಲಿಟಿ ವಿಭಾಗ. ಅಲ್ಲಿ ಒಂದು ಪೆನ್ನು ಒಳಗೆ ಹೋಗಬೇಕಾದರೂ ಮೈ ಒರೆಸಿಸಿಕೊಂಡೇ ಹೋಗಬೇಕು. ಮನೆಗೆ ಬಂದರೆ ಹಾಲಿನ ಕ್ಯಾನು, ಬಾಗಿಲ ಹಿಡಿ, ಫೋನು, ಕಾರಿನ ಸ್ಟೀರಿಂಗು. ಮಂಗಳವಾರ ಸಂಜೆ ಮತ್ತು ಶನಿವಾರ ಬೆಳಿಗ್ಗೆ ಮಗಳ ಸಾಫ್ಟ್‌ಬಾಲ್ ಮೈದಾನದಲ್ಲಿ ಚೆಂಡು, ಬ್ಯಾಟು, ಹೆಲ್ಮೆಟ್ಟು. ಕೊರೋನಾ ಬಂದು ಹದಿನಾಲ್ಕು ತಿಂಗಳಾಗಿತ್ತು. ಅವಳ ಬೆರಳ ತುದಿಗಳು ಸುಲಿದು, ಸಾರಿಗೆ ಹುಣಸೆಹಣ್ಣು ಕಿವುಚಿದರೆ ಕಣ್ಣಲ್ಲಿ ನೀರು ಬರುವಷ್ಟು ಉರಿಯುತ್ತಿದ್ದವು. ಹಾಗಂತ ಒರೆಸುವುದನ್ನು ನಿಲ್ಲಿಸುವ ಹೆಂಗಸಲ್ಲ ಅವಳು.

ಮೈದಾನದ ಕೆಲಸ ಅವಳ ಕೊರಳಿಗೆ ಬಿದ್ದದ್ದು ಹೀಗೆ. ಏಪ್ರಿಲ್ ಕೊನೆಯಲ್ಲಿ ಮಕ್ಕಳ ಆಟಕ್ಕೆ ಮತ್ತೆ ಅನುಮತಿ ಸಿಕ್ಕಾಗ, ಪ್ರತಿ ಕ್ಲಬ್ಬಿಗೂ ಒಬ್ಬ ಕೋವಿಡ್ ಆಫೀಸರ್ ಇರಬೇಕೆಂದು ನಿಯಮವಾಯಿತು. ಕ್ಯಾರಿಗಲೈನಿನ ಆ ಪುಟ್ಟ ಕ್ಲಬ್ಬಿನ ಕೋಚು ಬ್ರೀಡಾ, ಮೂವತ್ತು ವರ್ಷ ಅದೇ ಊರಿನಲ್ಲಿ ಟಪಾಲು ಹಂಚಿ ನಿವೃತ್ತಳಾದ ಅರವತ್ತೈದರ ಹೆಂಗಸು. ಅಪ್ಪ ಅಮ್ಮಂದಿರ ಗುಂಪನ್ನೊಮ್ಮೆ ನೋಡಿ, "ನೀವು ಔಷಧಿ ಕಾರ್ಖಾನೆಯವರಲ್ವಾ, ನಿಮಗಿಂತ ಬೇಕಾ?" ಎಂದಳು. ಬೇಡ ಎನ್ನಲು ದ್ರಾಕ್ಷಾಯಿಣಿಗೆ ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹಿಗ್ಗೂ ಆಯಿತು. ಆರು ವರ್ಷದಿಂದ ಊರಿನಲ್ಲಿದ್ದರೂ ಯಾರೂ ಅವಳನ್ನು ಯಾವುದಕ್ಕೂ ಕರೆದಿರಲಿಲ್ಲ. ಕೀವಾ ಎಂಬ ಎರಡಕ್ಷರದ ಹೆಸರನ್ನು ಇಂಗ್ಲಿಷಿನಲ್ಲಿ ಏಳು ಅಕ್ಷರ ಹಾಕಿ ಬರೆಯುವ ಜನಕ್ಕೆ ದ್ರಾಕ್ಷಾಯಿಣಿ ಎನ್ನಲು ನಾಲಿಗೆ ಹೊರಳಲಿಲ್ಲ. ಮೊದಲ ವಾರದಲ್ಲೇ ಅವಳು ಎಲ್ಲರ ಬಾಯಲ್ಲಿ 'ಡ್ಯಾಕ್ಸ್' ಆದಳು. ಅದೂ ಅವಳಿಗೆ ಇಷ್ಟವೇ ಆಯಿತು.

ಮೇ ಮೊದಲ ವಾರದಲ್ಲಿ ಮೈಸೂರಿನ ಮಹಾದೇವ ಚಿಕ್ಕಪ್ಪ ಆಕ್ಸಿಜನ್ ಹಾಸಿಗೆಗಾಗಿ ಮೂರು ಆಸ್ಪತ್ರೆ ಅಲೆದು, ನಾಲ್ಕನೆಯದರ ಬಾಗಿಲಲ್ಲಿ ತೀರಿಕೊಂಡಿದ್ದರು. ಅವಳಿಗೆ ಲೆಕ್ಕ ಹೇಳಿಕೊಟ್ಟು, ಹಟ ಹಿಡಿದು ಬಿಎಸ್ಸಿಗೆ ಸೇರಿಸಿದ್ದವರು ಅವರು. ಅವಳು ಆ ರಾತ್ರಿಯಿಡೀ ಫೋನ್ ಹಿಡಿದು ಮೈಸೂರಿನ ಆಸ್ಪತ್ರೆಗಳಿಗೆ ಕರೆ ಮಾಡಿದ್ದಳು. ಯಾರೂ ಎತ್ತಿರಲಿಲ್ಲ. ಆಮೇಲೆ ಅತ್ತಿದ್ದೂ ಕಡಿಮೆಯೇ. ಅಲ್ಲಿ ಏನೂ ಮಾಡಲಾಗದವಳು ಇಲ್ಲಿ ಒರೆಸುತ್ತಾ ಹೋದಳು.

ಸಾಫ್ಟ್‌ಬಾಲ್ ಹೆಸರಿಗೆ ಮಾತ್ರ ಸಾಫ್ಟು. ಚೆಂಡು ಕ್ರಿಕೆಟ್ ಚೆಂಡಿಗಿಂತ ದೊಡ್ಡದು, ತಲೆಗೆ ಬಿದ್ದರೆ ಅದಕ್ಕಿಂತ ಮೃದುವೇನಲ್ಲ. ಬ್ಯಾಟ್ ಹಿಡಿದವಳಿಗೆ ಹತ್ತಿರದಲ್ಲಿ, ಮೂರನೇ ಬೇಸ್ ಎಂಬ ಜಾಗದಲ್ಲಿ ನಿಲ್ಲುವ ಹುಡುಗಿಗೆ ಕಣ್ಣು ಮಿಟುಕಿಸುವಷ್ಟು ಸಮಯವೂ ಸಿಗುವುದಿಲ್ಲ. ಬೇರೆ ಊರಿನ ಹುಡುಗಿಯೊಬ್ಬಳ ಮೂಗು ಮುರಿಯಿತೆಂದು ಕೇಳಿದ ಮೇಲೆ ಬ್ರೀಡಾ ಹತ್ತಿರ ನಿಲ್ಲುವವರಿಗೆಂದು ಫೇಸ್‌ಗಾರ್ಡ್ ತರಿಸಿದಳು. ಹಣೆಯಿಂದ ಗಲ್ಲದವರೆಗೆ ಮುಚ್ಚುವ, ಗಾಜಿನ ಹಾಗೆ ಆಚೆಯದೆಲ್ಲ ಕಾಣುವ ದಪ್ಪ ಪ್ಲಾಸ್ಟಿಕ್ ಕವಚ, ಹಿಂದೆ ಎರಡು ಪಟ್ಟಿ. ಹನ್ನೊಂದು ಬಂದವು. ಹತ್ತನ್ನು ಬಿಚ್ಚಿ, ಖಾಲಿ ಡಬ್ಬಗಳನ್ನು ಅವುಗಳೊಳಗಿದ್ದ ಕಾಗದ ಪತ್ರದ ಸಮೇತ ಬ್ರೀಡಾ ಹಸಿರು ಕಸದ ಡಬ್ಬಿಗೆ ಹಾಕಿದಳು. ಹನ್ನೊಂದನೆಯದನ್ನು ಬಿಚ್ಚಲು ದ್ರಾಕ್ಷಾಯಿಣಿ ಬಿಡಲಿಲ್ಲ.

"ಒಂದು ಹಾಗೇ ಇರಲಿ" ಎಂದಳು. ಕಾರ್ಖಾನೆಯಲ್ಲಿ ಅದು ಪದ್ಧತಿ. ಯಾವ ಸರಕು ಬಂದರೂ ಅದರಲ್ಲೊಂದನ್ನು ಮುಟ್ಟದೆ ಬೀರುವಿನಲ್ಲಿ ಎತ್ತಿಡುತ್ತಾರೆ, ನಾಳೆ ಏನಾದರೂ ಎಡವಟ್ಟಾದರೆ ಹೋಲಿಸಿ ನೋಡಲು. ಬ್ರೀಡಾ ನಕ್ಕಳು. ಡಬ್ಬ ದ್ರಾಕ್ಷಾಯಿಣಿಯ ಕಾರಿನ ಡಿಕ್ಕಿ ಸೇರಿತು.

ಗಾರ್ಡು ಹತ್ತು, ಹುಡುಗಿಯರು ಹದಿನಾಲ್ಕು. ಜಾಗ ಬದಲಾದಾಗಲೆಲ್ಲ ಗಾರ್ಡು ಒಬ್ಬಳ ಮುಖದಿಂದ ಇನ್ನೊಬ್ಬಳ ಮುಖಕ್ಕೆ ಹೋಗುತ್ತಿತ್ತು. ಪ್ರತಿ ಸಲವೂ ದ್ರಾಕ್ಷಾಯಿಣಿ ಅದನ್ನು ಇಸಿದುಕೊಂಡು, ಒಳಗೂ ಹೊರಗೂ, ಪಟ್ಟಿ ಸೇರುವ ಸಂದಿಯಲ್ಲೂ ತಿಕ್ಕಿ ತಿಕ್ಕಿ ಒರೆಸುತ್ತಿದ್ದಳು. ಅಂಗಡಿಯ ಸಾಮಾನ್ಯ ವೈಪ್ಸ್ ಅಲ್ಲ. ಕಾರ್ಖಾನೆಯಲ್ಲಿ ಸ್ಟೀಲ್ ಟೇಬಲ್ ಒರೆಸುವ ಕ್ರಿಮಿನಾಶಕದಲ್ಲಿ ನೆನೆಸಿದ ಭಾರಿ ಖಾರದ ವೈಪ್ಸ್. ಅವಧಿ ಮುಗಿಯಲು ಬಂದ ಡಬ್ಬಗಳನ್ನು ಕೆಲಸದವರಿಗೆ ಹಂಚಿದಾಗ ಅವಳು ಆರು ತಂದಿದ್ದಳು. ಅದರ ವಾಸನೆಗೆ ಹುಡುಗಿಯರು ಮೂಗು ಸಿಂಡರಿಸುತ್ತಿದ್ದರು. ಅಪ್ಪ ಅಮ್ಮಂದಿರು ಮಾತ್ರ ಬೇಲಿಯಾಚೆ ನಿಂತು, "ಡ್ಯಾಕ್ಸ್ ಇದ್ದಾಳೆ ಅಂದ್ರೆ ನಮಗೆ ಚಿಂತೆ ಇಲ್ಲ" ಎನ್ನುತ್ತಿದ್ದರು.

ಮೇ ತಿಂಗಳ ಕೊನೆಯ ಶನಿವಾರ ಅವಳ ಮಗಳು ನಿಸರ್ಗಾ ಬ್ಯಾಟ್ ಹಿಡಿದಿದ್ದಳು. ಹನ್ನೊಂದು ವರ್ಷ, ಕಡ್ಡಿಯ ಹಾಗಿದ್ದ ಹುಡುಗಿ, ಆದರೆ ತೋಳಿನಲ್ಲಿ ಅದೆಲ್ಲಿಂದ ಬಂದಿತ್ತೋ ಆ ಬಲ. ಮೂರನೇ ಬೇಸಿನಲ್ಲಿದ್ದವಳು ಕೀವಾ, ಶಾಲೆಯಲ್ಲಿ ನಿಸರ್ಗಾಳ ಪಕ್ಕದ ಕುರ್ಚಿಯವಳು. ಬ್ಯಾಟಿಗೆ ಬಡಿದ ಚೆಂಡು ನೇರವಾಗಿ ಕೀವಾಳ ಮುಖಕ್ಕೆ ಹೋಯಿತು. ಛಟ್ ಎಂಬ ಸದ್ದಿಗೆ ಫೇಸ್‌ಗಾರ್ಡ್ ನಡುವೆಯೇ ಎರಡು ಹೋಳಾಯಿತು. ಅದರ ಅಂಚು ಹುಬ್ಬನ್ನು ಸೀಳಿತು. ಕೀವಾಳ ಅಮ್ಮ ನೋರಾ ಬೇಲಿ ಹಾರಿ ಓಡಿಬಂದಳು.

ಕಣ್ಣಿಗೆ ಏನೂ ಆಗಿರಲಿಲ್ಲ. ಏಳು ಹೊಲಿಗೆ ಬಿದ್ದವು.

ನಿಸರ್ಗಾ ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಕಾರ್ಕ್ ಊರಿನ ರಾಗದ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗು. ಅವಳ ಮಾತನ್ನು ಕನ್ನಡದಲ್ಲೇ ಹೇಳಿದರಾಯಿತು. ಅವತ್ತು ಕಾರಿನಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಅಮ್ಮಾ, ನಾನು ತುಂಬಾ ಜೋರಾಗಿ ಹೊಡೆದ್ನಾ?"

"ಆಟದಲ್ಲಿ ಇದೆಲ್ಲ ಇದ್ದಿದ್ದೇ ಪುಟ್ಟಾ. ನೀನೇನ್ ಬೇಕು ಅಂತ ಹೊಡೆದ್ಯಾ?"

ಸಮಾಧಾನದ ಮಾತೆಂದೇ ದ್ರಾಕ್ಷಾಯಿಣಿ ಅದನ್ನು ಹೇಳಿದ್ದಳು. ಮಗು ಕಿಟಕಿಯ ಕಡೆ ತಿರುಗಿತು. ಮನೆಗೆ ಬಂದು ಊಟ ಬೇಡ ಎಂದಿತು.

ಸೋಮವಾರ ಬ್ರೀಡಾ ಫೋನ್ ಮಾಡಿ, ಗಾರ್ಡ್ ತಯಾರಿಸಿದವರಿಗೆ ಒಂದು ಖಾರವಾದ ಪತ್ರ ಬರೆಯಬೇಕು, ನೀನಾದರೆ ಚೆನ್ನಾಗಿ ಬರೆಯುತ್ತೀಯ ಎಂದಳು. ದ್ರಾಕ್ಷಾಯಿಣಿಗೂ ಸಿಟ್ಟು ನೆತ್ತಿಗೇರಿತ್ತು. ಮಕ್ಕಳ ಮುಖದ ಜೊತೆ ಆಟವಾಡುತ್ತಾರಲ್ಲ, ಇವರಿಗೆ ಕ್ವಾಲಿಟಿ ವಿಭಾಗ ಅಂತ ಒಂದಿಲ್ಲವೇ ಎಂದುಕೊಂಡು, ವಿಳಾಸಕ್ಕಾಗಿ ಡಿಕ್ಕಿಯಲ್ಲಿದ್ದ ಹನ್ನೊಂದನೇ ಡಬ್ಬ ತಂದು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದಳು. ಒಳಗೆ ನಾಲ್ಕು ಮಡಿಕೆಯ ಒಂದು ಚೀಟಿ ಇತ್ತು. ವಿಳಾಸ ಕೊನೆಯಲ್ಲಿತ್ತು. ಅದಕ್ಕೆ ಮೊದಲು, ದಪ್ಪ ಅಕ್ಷರದಲ್ಲಿ: ಸೌಮ್ಯವಾದ ಸೋಪು ಮತ್ತು ನೀರಿನಿಂದ ಮಾತ್ರ ತೊಳೆಯಿರಿ. ಕ್ರಿಮಿನಾಶಕ ವೈಪ್ಸ್ ಬಳಸಬೇಡಿ. ಪ್ಲಾಸ್ಟಿಕ್ ಬಿರುಕು ಬಿಟ್ಟು, ಪೆಟ್ಟು ಬಿದ್ದಾಗ ಒಡೆಯಬಹುದು.

ಅವಳು ಒರೆಸಲೆಂದು ಮನೆಗೆ ತಂದಿಟ್ಟಿದ್ದ ಚೀಲದಿಂದ ಉಳಿದ ಒಂಬತ್ತು ಗಾರ್ಡುಗಳನ್ನು ತೆಗೆದು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದಳು. ಎಲ್ಲದರಲ್ಲೂ, ಪಟ್ಟಿ ಸೇರುವ ತೂತುಗಳ ಸುತ್ತ ಮತ್ತು ಮೂಗಿನ ನೇರಕ್ಕೆ, ಕೂದಲೆಳೆಯಂಥ ಗೆರೆಗಳು. ಹೊಸದರಲ್ಲಿ ಒಂದೂ ಇರಲಿಲ್ಲ. ಅಷ್ಟೇ ಆಗಿದ್ದರೆ ಬೇರೆ ಮಾತು. ಎರಡು ವಾರದ ಹಿಂದೆ ಅವಳು ಈ ಗೆರೆಗಳನ್ನು ನೋಡಿದ್ದಳು. ಹುಡುಗಿಯರು ನೆಲಕ್ಕೆ ಎಸೆದು ಗೀರಿದ್ದಾರೆಂದು ತಿಳಿದು, ಗೀರಿನೊಳಗೆ ವೈರಸ್ ಕೂತೀತೆಂದು, ಇನ್ನೂ ಬಲವಾಗಿ ತಿಕ್ಕಿದ್ದಳು.

ಕೆಲಸದಲ್ಲಿ ಚೀಟಿ ಓದದೆ ಒಂದು ಬಾಟಲಿಯ ಮುಚ್ಚಳವನ್ನೂ ತೆಗೆಯದವಳು. ಓದದೆ ಕೈ ಹಾಕಿದ ಹುಡುಗರಿಗೆ ಬೆವರಿಳಿಸುತ್ತಿದ್ದವಳು. ಮಕ್ಕಳ ಮುಖಕ್ಕೆ ಹಾಕುವ ವಸ್ತುವಿಗೆ ಒಂದು ಚೀಟಿ ಇದ್ದೀತೆಂದು ಅವಳಿಗೆ ಹೊಳೆದಿರಲೇ ಇಲ್ಲ.

ಗಂಡ ನಂದೀಶ್ ಮೇಲಿನ ಪುಟ್ಟ ಕೋಣೆಯಲ್ಲಿ ವರ್ಷದಿಂದ ಹೆಡ್‌ಫೋನ್ ಕಳಚದೆ ಕೆಲಸ ಮಾಡುತ್ತಿದ್ದ ಸಾಫ್ಟ್‌ವೇರ್ ಮನುಷ್ಯ. ಚೀಟಿ ಓದಿದ, ಒಂದು ಗಾರ್ಡನ್ನು ತಿರುಗಿಸಿ ನೋಡಿದ, ನಿಟ್ಟುಸಿರು ಬಿಟ್ಟ.

"ಈಗೇನ್ ಮಾಡೋಕಾಗತ್ತೆ ಬಿಡು ದಾಕ್ಷಿ. ಇವೆಲ್ಲ ಎಸೆದು ಹೊಸಾವು ತರ್ಸೋಣ. ಯಾರೂ ನಿನ್ನ ಕೇಳಿಲ್ಲ ತಾನೆ?"

"ಕೇಳಿಲ್ಲ ರೀ. ಆದ್ರೆ ನಿಸಿ ತನ್ನದೇ ತಪ್ಪು ಅನ್ಕೊಂಡು ಕೂತಿದಾಳೆ."

"ಮಕ್ಳು ಅಲ್ವಾ, ಮರ್ತೋಗ್ತಾರೆ. ಕೀವಾನೂ ಆರಾಮಾಗಿದಾಳಂತೆ, ಇಲ್ಲಿನೋರ ಮಾತಲ್ಲಿ ಗ್ರ್ಯಾಂಡು. ನೀನು ಸುಮ್ನೆ ಎಳ್ಕೊಂಡು ಮೈಮೇಲೆ ಹಾಕೊಂಡ್ರೆ ನಾಳೆ ಈ ಊರಲ್ಲಿ ತಲೆ ಎತ್ಕೊಂಡು ಓಡಾಡ್ಬೇಕಾ ಬೇಡ್ವಾ?"

ಅವನು ಕೆಟ್ಟವನಲ್ಲ. ಅವನಿಗೂ ಸುಸ್ತಾಗಿತ್ತು. ಆ ವರ್ಷ ಎಲ್ಲರೂ ಹಾಗೆಯೇ ಇದ್ದರು, ಇನ್ನೊಂದು ತಾಪತ್ರಯ ಮನೆಯೊಳಗೆ ಬರದಿದ್ದರೆ ಸಾಕೆಂದು ಬಾಗಿಲು ಒತ್ತಿ ಹಿಡಿದು ನಿಂತವರ ಹಾಗೆ.

ಕಾರ್ಖಾನೆಯಲ್ಲಿ ತಪ್ಪಾದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ತಪ್ಪಿದವನೇ ಬರೆದು ಒಪ್ಪಿಸಬೇಕು: ಏನಾಯಿತು, ಯಾಕಾಯಿತು, ಇನ್ನೆಷ್ಟು ಸರಕು ಕೆಟ್ಟಿರಬಹುದು. ಇಪ್ಪತ್ತೈದನೇ ಗಂಟೆಗೆ ಬಂದವರನ್ನು ಅವಳೇ ನಿಲ್ಲಿಸಿ ಕೇಳುತ್ತಿದ್ದಳು. ಈಗ ಅವಳು ಮಾಡಿದ್ದೆಂದರೆ, ಒಂಬತ್ತು ಗಾರ್ಡುಗಳನ್ನೂ ಪರೀಕ್ಷೆಗೆ ತೆಗೆದಿಟ್ಟಿದ್ದೇನೆ, ಯಾರೂ ಹಾಕಬೇಡಿ, ಸದ್ಯ ಸ್ಪಂಜಿನ ಚೆಂಡಿನಲ್ಲಿ ಆಡಿ ಎಂದು ಕ್ಲಬ್ಬಿನ ವಾಟ್ಸಾಪಿಗೆ ಒಂದು ಸಂದೇಶ ಹಾಕಿದ್ದು, ಅಷ್ಟೇ. ಎಂಟು ಜನ ಹೆಬ್ಬೆರಳು ಎತ್ತಿದರು. ಇನ್ನು ಹೇಳಬೇಕಾದ್ದನ್ನು ನಾಳೆ ಹೇಳುತ್ತೇನೆ ಎಂದುಕೊಂಡಳು. ನಾಳೆ ಬಂತು, ಶಿಫ್ಟ್ ಮುಗಿಸಿ ಬಂದು ಸೋಫಾದ ಮೇಲೆ ಕೂತವಳಿಗೆ ಶೂ ಬಿಚ್ಚುವುದಕ್ಕೂ ಆಗಲಿಲ್ಲ. ಅದರ ಮರುದಿನ ಮಹಾದೇವ ಚಿಕ್ಕಪ್ಪನ ತಿಂಗಳ ತಿಥಿ, ವಿಡಿಯೋದಲ್ಲಿ. ಹೀಗೆ ಎಂಟು ದಿನ ಹೋದವು. ಹೆದರಿಕೆ ಇತ್ತು, ನಾಚಿಕೆ ಇತ್ತು, ಅದೆಲ್ಲಕ್ಕಿಂತ ಹೆಚ್ಚಾಗಿ ಬಾಯಿ ತೆರೆಯುವಷ್ಟು ತ್ರಾಣವೇ ಅವಳಲ್ಲಿ ಉಳಿದಿರಲಿಲ್ಲ. ಇದು ನೆಪವಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ನೆಪವೂ ಆಗಿತ್ತು.

ಆ ಎಂಟು ದಿನ ನಿಸರ್ಗಾ ಶಾಲೆಗೆ ಹೋದಳು, ಬಂದಳು, ಕೇಳಿದ್ದಕ್ಕೆ 'ಗ್ರ್ಯಾಂಡ್' ಎಂದಳು. ತಟ್ಟೆಯಲ್ಲಿ ಅನ್ನ ಉಳಿಯುತ್ತಿತ್ತು.

ಒಂಬತ್ತನೇ ದಿನ ಸಂಜೆ ಬ್ರೀಡಾ ಗೇಟಿನ ಹತ್ತಿರ ಬಂದು ನಿಂತಳು. ಕೈಯಲ್ಲಿ ಒಗೆದು, ಮಡಿಸಿ, ಕಾಗದದ ಚೀಲದಲ್ಲಿಟ್ಟ ನಿಸರ್ಗಾಳ ಆಟದ ಅಂಗಿ ಇತ್ತು.

"ಮಧ್ಯಾಹ್ನ ನಿನ್ನ ಮಗಳು ಶಾಲೆಯಿಂದ ಬರ್ತಾ ನಮ್ಮ ಮನೆಗೆ ಬಂದು ಇದನ್ನು ಕೊಟ್ಟು ಹೋದ್ಲು. ಇನ್ನು ಯಾರಿಗೂ ನೋವು ಮಾಡಲ್ಲ ಅಂದ್ಲು" ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. "ನಲವತ್ತು ವರ್ಷದಿಂದ ಈ ಆಟ ಕಲಿಸ್ತಿದೀನಿ ಡ್ಯಾಕ್ಸ್. ಇಂಥಾ ಕೈ ನಾನು ನೋಡಿಲ್ಲ. ಏನಾದ್ರೂ ಮಾಡು."

ಆ ಅಂಗಿಯನ್ನು ಮಗು ಯಾವಾಗ ಒಗೆಯಿತು? ಅದೇ ಮನೆಯಲ್ಲಿದ್ದ ದ್ರಾಕ್ಷಾಯಿಣಿಗೆ ಗೊತ್ತಾಗಿರಲಿಲ್ಲ. ಅವಳು ಗೇಟಿನ ಕಂಬ ಹಿಡಿದುಕೊಂಡಳು. ಆಮೇಲೆ ಒಂದೇ ಉಸಿರಿಗೆ ಎಲ್ಲ ಹೇಳಿದಳು: ಚೀಟಿ, ವೈಪ್ಸ್, ಗೆರೆಗಳು, ಎಂಟು ದಿನ ಸುಮ್ಮನಿದ್ದದ್ದು.

"ಆ ಚೀಟಿಗಳನ್ನ ಕಸಕ್ಕೆ ಹಾಕಿದವಳು ನಾನು" ಎಂದಳು ಬ್ರೀಡಾ. "ನೋರಾಗೆ ನೀನೇ ಹೇಳು. ಇವತ್ತೇ ಹೇಳು."

ನೋರಾ ಸೂಪರ್‌ಮಾರ್ಕೆಟ್ಟಿನ ಕೌಂಟರಿನಲ್ಲಿ ಕೂರುವವಳು. ಕೊರೋನಾದುದ್ದಕ್ಕೂ ಒಂದು ದಿನವೂ ಮನೆಯಲ್ಲಿ ಕೂತಿರಲಿಲ್ಲ. ಫೋನಿನಲ್ಲಿ ದ್ರಾಕ್ಷಾಯಿಣಿ ಹೇಳಿದ್ದನ್ನೆಲ್ಲ ಅವಳು ಕೇಳಿಸಿಕೊಂಡಳು. "ಏಳು ಹೊಲಿಗೆ" ಎಂದಳು. ಆಮೇಲೆ, "ಬೈಯೋಕೆ ಇವತ್ತು ನಂಗೆ ಶಕ್ತಿ ಇಲ್ಲ. ಹೇಳಿದ್ದಕ್ಕೆ ಥ್ಯಾಂಕ್ಸ್" ಎಂದು ಇಟ್ಟುಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು ಎಂದು ದ್ರಾಕ್ಷಾಯಿಣಿಗೆ ಅನಿಸಿತು.

ಉಳಿದವಳು ನಿಸರ್ಗಾ. ಇವಳಿಗೆ ಹೇಳುವುದು ಸುಲಭ, ಕೇಳಿದ ಕೂಡಲೇ ಮಗುವಿನ ಮೇಲಿನ ಭಾರ ಇಳಿಯುತ್ತದೆ ಎಂದೇ ಅವಳು ನಂಬಿದ್ದಳು. ಹಾಸಿಗೆಯ ಅಂಚಿನಲ್ಲಿ ಕೂತು, ಚೀಟಿಯನ್ನೂ ಒಂದು ಗಾರ್ಡನ್ನೂ ತೋರಿಸಿ ಹೇಳಿದಳು. ನಿಸರ್ಗಾ ಚೀಟಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದೀಯ."

"ಇಲ್ಲ ಕಣೇ, ನಿಜವಾಗ್ಲೂ."

"ನಾನು ಹಾಲು ಚೆಲ್ಲಿದ್ರೂ 'ಲೋಟ ಅಂಚಲ್ಲಿ ಇಟ್ಟಿದ್ದು ನಂದೇ ತಪ್ಪು' ಅಂತೀಯ. ಅಪ್ಪ ಕಾರ್ ತಾಗಿಸಿದ್ರೂ 'ನಾನೇ ಮಾತಾಡಿಸ್ತಾ ಇದ್ದೆ' ಅಂತೀಯ. ಯಾವಾಗ್ಲೂ ಹಂಗೇ." ಮಗು ಹೊದಿಕೆ ಎಳೆದುಕೊಂಡಿತು. "ಅವತ್ತು ಕಾರಲ್ಲಿ ಕೇಳ್ದೆ. ಆಟದಲ್ಲಿ ಇದ್ದಿದ್ದೇ ಅಂದೆ. ಈಗ ವೈಪ್ಸ್ ಅಂತೀಯ. ಯಾವುದಮ್ಮಾ ಸುಳ್ಳು?"

ಮನೆಯ ಸಣ್ಣಪುಟ್ಟದ್ದನ್ನೆಲ್ಲ ಮೈಮೇಲೆ ಎಳೆದುಕೊಂಡು ಜಗಳ ಮುಗಿಸುವುದು ದ್ರಾಕ್ಷಾಯಿಣಿಯ ಅಭ್ಯಾಸ. ಅವಳ ತಾಯಿಯೂ ಹಾಗೆಯೇ ಮಾಡುತ್ತಿದ್ದಳು. ಈಗ ಒಂದೇ ಒಂದು ಸಲ, ನಿಜಕ್ಕೂ ತಪ್ಪು ತನ್ನದೇ ಆಗಿರುವಾಗ, ಮಗಳು ಅದನ್ನು ಅವಳಿಗೆ ಕೊಡಲು ಒಪ್ಪುತ್ತಿಲ್ಲ. ಆ ಎಂಟು ದಿನ ಮೊದಲೇ ಹೇಳಿದ್ದರೆ ನಂಬುತ್ತಿದ್ದಳೇನೋ. ಅವಳಿಗೆ ತನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ ಎದ್ದು ಹೋಗಿ ಬಚ್ಚಲಲ್ಲಿ ಮುಖ ತೊಳೆದುಕೊಂಡು ಬರಬೇಕಾಯಿತು.

ತಿರುಗಿ ಬಂದು ಬಾಗಿಲಲ್ಲೇ ನಿಂತಳು.

"ನಂಬಬೇಡ. ನಮ್ ಕೆಲ್ಸದಲ್ಲೂ ಯಾರೂ ಬಾಯ್ಮಾತು ನಂಬಲ್ಲ. ಟೆಸ್ಟ್ ಮಾಡೋಣ."

"ಹೆಂಗೆ?"

"ಹೊಸ ಗಾರ್ಡ್ ಒಂದಿದೆ, ನಾನು ಒರೆಸೇ ಇಲ್ಲ ಅದನ್ನ. ಹಳೇದೂ ಇದೆ. ಎರಡಕ್ಕೂ ಹೊಡಿ. ಅದೇ ಬ್ಯಾಟು, ಅದೇ ಚೆಂಡು."

"ನಾನು ಹೊಡಿಯಲ್ಲ."

"ಮುಖಕ್ಕಲ್ಲ ಪುಟ್ಟಾ. ಬಕೆಟ್ಟಿಗೆ."

ಶನಿವಾರ ಬೆಳಿಗ್ಗೆ ಬಂದರಿನ ಕಡೆಯಿಂದ ಜೋರು ಗಾಳಿ ಬೀಸುತ್ತಿತ್ತು. ಬ್ರೀಡಾ ತನ್ನ ಮನೆಯ ಕಲ್ಲಿದ್ದಲಿನ ಬಕೆಟ್ಟು ತಂದಿದ್ದಳು. ಅದಕ್ಕೆ ಮರಳು ತುಂಬಿ, ಬೆಂಚಿನ ಮೇಲೆ ಅಡ್ಡ ಮಲಗಿಸಿ, ತಳವನ್ನು ಮುಖದ ಹಾಗೆ ಎದುರಿಗೆ ಮಾಡಿ, ಹನ್ನೊಂದನೇ ಗಾರ್ಡನ್ನು ಅದಕ್ಕೆ ಪಟ್ಟಿಯಿಂದ ಬಿಗಿದರು. ಅದಕ್ಕೆ ಐದು ಹೆಜ್ಜೆ ಈಚೆ ಚೆಂಡನ್ನು ಕೂರಿಸುವ ರಬ್ಬರಿನ ಗೂಟ. ಹನ್ನೆರಡು ಹುಡುಗಿಯರು ಎರಡೆರಡು ಮೀಟರ್ ಅಂತರದಲ್ಲಿ ಹುಲ್ಲಿನ ಮೇಲೆ ಕೂತರು. ಕೀವಾ ಬಂದಿದ್ದಳು, ಹುಬ್ಬಿನ ಮೇಲೆ ಪಟ್ಟಿ, ಕೆನ್ನೆ ಇನ್ನೂ ಹಸಿರು ನೀಲಿ. ನೋರಾ ಕಾರಿನಿಂದ ಇಳಿಯಲಿಲ್ಲ, ಗಾಜು ಮಾತ್ರ ಇಳಿಸಿಕೊಂಡು ನೋಡುತ್ತಿದ್ದಳು.

ಎಲ್ಲರಿಗೂ ಕೇಳುವ ಹಾಗೆ ದ್ರಾಕ್ಷಾಯಿಣಿ ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಇಷ್ಟು ವರ್ಷ ಮೀಟಿಂಗುಗಳಲ್ಲಿ ಮಾತಾಡಿದವಳು ಹನ್ನೆರಡು ಮಕ್ಕಳ ಮುಂದೆ ಪದಕ್ಕಾಗಿ ತಡಕಾಡಿದಳು. ಬೇಲಿಯಾಚೆಯ ಅಪ್ಪ ಅಮ್ಮಂದಿರಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಹೇಳಿ ಮುಗಿಸಿ ಅವಳೂ ಬೇಲಿಯಾಚೆ ಹೋಗಿ ನಿಂತಳು.

ನಿಸರ್ಗಾ ಬ್ಯಾಟನ್ನು ಬೇರೆ ಯಾರದೋ ವಸ್ತುವಿನ ಹಾಗೆ ಹಿಡಿದಿದ್ದಳು. ಮೊದಲ ಹೊಡೆತಕ್ಕೆ ಚೆಂಡು ಗೂಟದಿಂದ ಉರುಳಿ ಬೆಂಚಿನ ಕಾಲಿಗೆ ತಾಗಿ ನಿಂತಿತು. ಎರಡನೆಯದು ಬಕೆಟ್ಟನ್ನು ಮುಟ್ಟಿತು, ಅಷ್ಟೇ.

"ಏ ನಿಸ್" ಎಂದು ಕೀವಾ ಕೂತಲ್ಲಿಂದಲೇ ಕೂಗಿದಳು. "ನಂಗೆ ಇದಕ್ಕಿಂತ ಜೋರಾಗಿ ಹೊಡೆದಿದ್ದೆ ನೀನು."

ಯಾರೋ ಕಿಸಕ್ಕೆಂದರು. ನಿಸರ್ಗಾಳ ಕಿವಿ ಕೆಂಪಾಯಿತು. ಕಾಲು ಅಗಲಿಸಿ ನಿಂತಳು, ಭುಜ ತಿರುಗಿಸಿದಳು, ಈ ಸಲ ಬ್ಯಾಟು ಗಾಳಿಯನ್ನು ಸೀಳಿ ಬಂತು. ಚೆಂಡು ಗಾರ್ಡಿನ ನಟ್ಟನಡುವೆ ಬಡಿದು ಆಕಾಶಕ್ಕೆ ಚಿಮ್ಮಿತು. ಬಕೆಟ್ಟು ಹಿಂದಕ್ಕೆ ಸರಿಯಿತು. ಗಾರ್ಡಿಗೆ ಏನೂ ಆಗಲಿಲ್ಲ. ಬ್ರೀಡಾ ಅದನ್ನು ಎತ್ತಿ ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸಿದಳು. ಇನ್ನೂ ಎರಡು ಸಲ ಅಷ್ಟೇ ಜೋರಾಗಿ ಹೊಡೆಸಿದಳು. ಏನೂ ಆಗಲಿಲ್ಲ.

ಆಮೇಲೆ ಹಳೆಯದನ್ನು ಕಟ್ಟಿದರು. ಒಂಬತ್ತರಲ್ಲಿ ಯಾವುದೆಂದು ಆರಿಸಿದ್ದು ನಿಸರ್ಗಾ. ಅಮ್ಮನ ಕೈಗೆ ಆ ಆಯ್ಕೆ ಬಿಡುವಷ್ಟು ನಂಬಿಕೆ ಅವಳಲ್ಲಿ ಇರಲಿಲ್ಲ.

ಹೊಡೆದಳು. ಚೆಂಡು ಬಡಿಯಿತು, ಬಕೆಟ್ಟು ಹೊರಳುವಂತಾಯಿತು, ಗಾರ್ಡು ಹಾಗೇ ಇತ್ತು.

ನಿಸರ್ಗಾ ತಿರುಗಿ ಅಮ್ಮನ ಕಡೆ ನೋಡಿದಳು. ನೋಡಿದೆಯಾ, ನಾನು ಹೇಳಲಿಲ್ಲವಾ ಎನ್ನುವ ನೋಟ ಅದು, ಗೆದ್ದವರ ನೋಟವಲ್ಲ. ಹದಿನೈದು ವರ್ಷದ ನೌಕರಿಯಲ್ಲಿ ದ್ರಾಕ್ಷಾಯಿಣಿ ಪ್ರತಿ ಪರೀಕ್ಷೆಗೂ ಇದು ಪಾಸಾಗಲಪ್ಪಾ ಎಂದು ಬೇಡಿಕೊಂಡವಳು. ಈಗ ಬೇಲಿಯ ತಂತಿಯನ್ನು ಸುಲಿದ ಬೆರಳುಗಳಿಂದ ಹಿಡಿದು, ಒಡೆದು ಹೋಗಲಿ ನಂಜುಂಡಪ್ಪಾ, ನನ್ನ ಮಾನ ಹೋದರೆ ಹೋಗಲಿ, ಇದೊಂದು ಒಡೆದು ಹೋಗಲಿ ಎಂದು ಬೇಡಿಕೊಂಡಳು. ಒಡೆಯದಿದ್ದರೆ ಈ ಮಗು ಮುದುಕಿಯಾಗುವವರೆಗೆ ಆ ಹುಬ್ಬಿನ ಗಾಯವನ್ನು ಹೊತ್ತು ತಿರುಗುತ್ತದೆ.

"ಇನ್ನೊಂದು ಹೊಡಿ" ಎಂದಳು ಕನ್ನಡದಲ್ಲಿ.

"ಸಾಕಮ್ಮಾ."

"ಹೊಸದಕ್ಕೆ ಮೂರು ಹೊಡೆದೆ. ಇದಕ್ಕೂ ಮೂರು ಹೊಡೀಬೇಕು. ಹೊಡಿ."

ಬ್ರೀಡಾ ಚೆಂಡು ಕೂರಿಸಿದಳು. ನಿಸರ್ಗಾ ಕಣ್ಣೀರು ತೋಳಿಗೆ ಒರೆಸಿಕೊಂಡು, ಅಮ್ಮನ ಮೇಲಿನ ಸಿಟ್ಟನ್ನೆಲ್ಲ ಸೇರಿಸಿ ಬೀಸಿದಳು.

ಛಟ್.

ಎರಡು ಹೋಳು. ಮೂಗಿನ ನೇರಕ್ಕೆ, ಅವತ್ತು ಒಡೆದ ಜಾಗದಲ್ಲೇ. ಒಂದು ಹೋಳು ಬೆಂಚಿನ ಕೆಳಗೆ ಬಿತ್ತು, ಇನ್ನೊಂದು ಪಟ್ಟಿಗೆ ನೇತಾಡುತ್ತಿತ್ತು. ಹುಡುಗಿಯರು ಹೋ ಎಂದರು. ಕಾರಿನಲ್ಲಿದ್ದ ನೋರಾ ಕೈಯನ್ನು ಬಾಯಿಗೆ ಒತ್ತಿಕೊಂಡಳು.

ನಿಸರ್ಗಾ ಹೋಗಿ ಬಗ್ಗಿ ಆ ಹೋಳನ್ನು ಎತ್ತಿಕೊಂಡಳು. ಅಂಚಿನ ಮೇಲೆ ಬೆರಳಾಡಿಸಿದಳು. ಹತ್ತಿರ ಬಂದ ಕೀವಾಳಿಗೂ ತೋರಿಸಿದಳು. ಇಬ್ಬರ ತಲೆಗಳೂ ತಾಗುವಷ್ಟು ಹತ್ತಿರವಾದವು. ಕೋವಿಡ್ ಆಫೀಸರ್ ಅದನ್ನು ನೋಡಿಯೂ ನೋಡದವಳ ಹಾಗೆ ನಿಂತಳು. ಎರಡು ವಾರದಿಂದ ಕಟ್ಟಿಕೊಂಡಿದ್ದ ಅಳು ಆಗ ನಿಸರ್ಗಾಳಿಗೆ ಬಂತು, ಹುಲ್ಲಿನ ಮೇಲೆ ಕುಕ್ಕರಿಸಿ, ಭುಜ ಅಲುಗುವ ಹಾಗೆ. ಆ ಮೈದಾನದಲ್ಲಿ ಆ ಗಳಿಗೆಗೆ ದ್ರಾಕ್ಷಾಯಿಣಿಯಷ್ಟು ಸಂತೋಷಪಟ್ಟವರು ಯಾರೂ ಇರಲಿಲ್ಲ, ಅವಳಷ್ಟು ನಾಚಿಕೆಪಟ್ಟವರೂ ಇರಲಿಲ್ಲ. ಅವಳು ಬೇಲಿಯ ಬುಡದಲ್ಲೇ ಕೂತುಬಿಟ್ಟಳು.

ಸ್ವಲ್ಪ ಹೊತ್ತಾದ ಮೇಲೆ ಮಗಳು ಮೂಗು ಒರೆಸಿಕೊಳ್ಳುತ್ತಾ ಬೇಲಿಯವರೆಗೆ ಬಂದಳು. ಮುರಿದ ಹೋಳನ್ನು ತಂತಿಯ ಸಂದಿಯಿಂದ ಅಮ್ಮನ ಕೈಗೆ ಕೊಟ್ಟಳು.

"ನಿಂದೇ ತಪ್ಪು" ಎಂದಳು.

"ಹೂಂ ಮಗಳೇ. ನಂದೇ."